ರಟ್ಟಿನೊಳಗಿನ ಹಾಳೆ

ರಟ್ಟಿನೊಳಗೆ ಇದ್ದದ್ದು ಖಾಲಿ ಹಾಳೆಯಲ್ಲ, ಅಕ್ಕೋರೆ. ಅದರಲ್ಲಿ ಬರಹವಿತ್ತು. ಪುಸ್ತಕ ಬರೆದವನ ಹೆಸರಿತ್ತು. ನಾನು ಕಂಡೆ — ಪೂರ್ತಿ ಓದುವ ಮೊದಲೇ ಅದು ನನ್ನ ಕೈಯಲ್ಲೇ ಅಳಿಸಿಹೋಯಿತು. ಖಾಲಿ ಎಂದು ನಿಮಗೆ ಹೇಳಿದ್ದು ಸುಳ್ಳು.

ಆರು ವರ್ಷವಾಯಿತು. ಈ ಆರು ವರ್ಷವೂ ಬೆಳಿಗ್ಗೆ ಹತ್ತಕ್ಕೆ ಗೋಕಾಕದ ಹಸ್ತಪ್ರತಿ ದುರಸ್ತಿ ಕೋಣೆಯ ಬಾಗಿಲು ತೆಗೆದಿದ್ದೇನೆ. ಮೇಜು ಒರೆಸಿದ್ದೇನೆ. ಹುಳ ಬಾರದಂತೆ ಕಪಾಟಿನಲ್ಲಿಟ್ಟ ಬಜೆಬೇರಿನ ಗಂಟುಗಳನ್ನು ಮೂಸಿ, ವಾಸನೆ ಸತ್ತವನ್ನು ಬದಲಿಸಿದ್ದೇನೆ. ಎದೆ ಒಡೆಯಲಿಲ್ಲ, ನಿದ್ದೆ ಕೆಡಲಿಲ್ಲ. ಅದನ್ನೂ ಹೇಳಬೇಕು.

ನೀವು ಬೆಲ್ಲದ ಬಾಗೇವಾಡಿಯಿಂದ ಬಂದ ದಿನ ಚೆನ್ನಾಗಿ ನೆನಪಿದೆ. ಹುಕ್ಕೇರಿಯ ಸಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು. ಊರೆಲ್ಲ ಅಕ್ಕೋರು ಎನ್ನುವುದರಿಂದ ನಾನೂ ಹಾಗೆಯೇ ಕರೆದೆ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಂದಿದ್ದಿರಿ — ಭಜನೆಯ ಪದಗಳನ್ನು ಕೈಯಿಂದ ಬರೆದ ದಪ್ಪ ಪುಸ್ತಕ. ಹೊಲಿಗೆ ಬಿಚ್ಚಿತ್ತು, ಹುಳ ಅಂಚು ತಿಂದಿತ್ತು, ಕೊನೆಯ ಹಾಳೆ ಇರಲಿಲ್ಲ.

“ರಾಣಪ್ಪ ಮುತ್ಯಾನ ಮಗ ಬರದಾನಂತ ನಮ್ಮವ್ವ ಹೇಳ್ತಿದ್ಲ್ರಿ,” ಎಂದಿರಿ. “ಮಗನ ಹೆಸರ ಮಾತ್ರ ಅಕಿಗೂ ಗೊತ್ತಿದ್ದಿಲ್ಲ. ಸಾಲ್ಯಾಗ ಹುಡುಗರು ಹೆಸರ ಬರೀಲಾರದ ಪೇಪರ ಕೊಟ್ರ ಕಿವಿ ಹಿಂಡ್ತಿದ್ದೆ. ಈ ಮುತ್ಯಾನ ಕಿವಿ ಎಲ್ಲಿಂದ ತರ್ಲಿ ಹೇಳ್ರಿ.”

ಇಬ್ಬರೂ ನಕ್ಕೆವು. ಆಮೇಲೆ ನೀವು ದನಿ ತಗ್ಗಿಸಿ ಹೇಳಿದಿರಿ — ನಿಮ್ಮ ಕೇರಿಯಲ್ಲಿ ಆ ಕಾಲಕ್ಕೆ ಓದುಬರಹ ಬರುತ್ತಿತ್ತೆಂದರೆ ಊರಲ್ಲಿ ಯಾರೂ ನಂಬುವುದಿಲ್ಲ, ಯಾರದೋ ಮನೆಯಿಂದ ಎತ್ತಿ ತಂದದ್ದು ಅನ್ನುತ್ತಾರೆ. “ಎಲ್ಲ್ಯರ ಒಂದ ಕಡೆ ಹೆಸರ ಇದ್ರ ನೋಡ್ರಿ ಬಾಯಾರ.”

ಹಳೆಯ ರಟ್ಟು ಎಂದರೆ ಬೇಡವಾದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ದಪ್ಪ ಮಾಡಿದ್ದು. ಹಿಂದಿನ ರಟ್ಟು ಬೂಸಲು ಹಿಡಿದಿತ್ತು, ಪದರ ಬಿಡಿಸಬೇಕಾಯಿತು. ನಾನು ಗೋಕಾಕದ ಗೊಂಬೆ ಮಾಡುವ ಮನೆಯಲ್ಲಿ ಬೆಳೆದವಳು. ಮೂಸಿದೊಡನೆ ತಿಳಿಯಿತು — ಹುಣಸೆಬೀಜದ ಅಂಟು. ಗೊಂಬೆಗೆ ತಪ್ಪು ಜಾಗದಲ್ಲಿ ಕೈ ಅಂಟಿಸಿದರೆ ಅಪ್ಪ ಬೆಚ್ಚನೆಯ ನೀರಿನಲ್ಲಿಟ್ಟು ಬಿಡಿಸುತ್ತಿದ್ದರು. ನಾನೂ ತಟ್ಟೆಯಲ್ಲಿ ಬೆಚ್ಚನೆಯ ನೀರು ಹಾಕಿ ರಟ್ಟನ್ನು ಅದರಲ್ಲಿಟ್ಟೆ.

ನಮ್ಮ ಕೆಲಸದಲ್ಲಿ ಮೊದಲು ಕಲಿಸುವುದೇ ಹನಿ ಹಾಕಿ ನೋಡುವುದು. ಅಂಚು ಬಿಡಿಸಿ, ಒಳಗೆ ಅಕ್ಷರವಿದ್ದರೆ ಅದರಲ್ಲೊಂದರ ಮೇಲೆ ಒಂದು ಹನಿ ನೀರು, ಮೇಲೆ ಮಸಿ ಹೀರುವ ಒತ್ತುಕಾಗದ. ಕಾಗದಕ್ಕೆ ಮಸಿ ಹತ್ತಿತೋ, ನೀರು ಮುಟ್ಟಿಸುವಂತಿಲ್ಲ. ಹೊಸದಾಗಿ ಬಂದವರಿಗೆ ನಾನೇ ಹೇಳಿಕೊಡುತ್ತೇನೆ. ಆ ದಿನ ಹಾಕಲಿಲ್ಲ. ಅವಸರವಿರಲಿಲ್ಲ, ಯಾರೂ ಕರೆಯುತ್ತಿರಲಿಲ್ಲ. ಅಂಟು ಗೊತ್ತಿತ್ತು, ಅಷ್ಟೇ. ರಟ್ಟಿನೊಳಗೆ ಮಸಿ ಇರಬಹುದೆಂದು —

ಮೂರನೆಯ ಪದರ ತಾನಾಗಿ ಬಿಟ್ಟುಕೊಂಡು ನೀರಿನ ಮೇಲೆ ತೇಲಿತು. ಪುಸ್ತಕದ್ದೇ ಕೈಬರಹ. ಕಳೆದುಹೋದ ಕೊನೆಯ ಹಾಳೆಯನ್ನು, ಎಂದೋ ಮರುಹೊಲಿಗೆ ಹಾಕಿದವರು ರಟ್ಟಿಗೆ ಸೇರಿಸಿಬಿಟ್ಟಿದ್ದರು. “ಬಾಗೇವಾಡಿ ಕೇರಿಯ ರಾಣಪ್ಪನ ಮಗ” — ಅಷ್ಟನ್ನು ಓದಿದೆ. ಮುಂದಿನ ಎರಡು ಅಕ್ಷರದ ಮೇಲೆ, ಹಾಳೆ ಹಿಡಿದ ನನ್ನ ಹೆಬ್ಬೆರಳಿತ್ತು. ಬೆರಳು ತೆಗೆಯುವಷ್ಟರಲ್ಲಿ ಅಲ್ಲಿ ಹೊಗೆಯಂತೆ ಮಸಿ ಎದ್ದಿತ್ತು. ಆಚೆಗೆ “ಪ್ಪ” ಉಳಿದಿತ್ತು. ಅದರ ಕೆಳಗೆ, “ಬರೆದು ಮುಗಿಸಿದ್ದು. ತಪ್ಪಿದ್ದಲ್ಲಿ ತಿದ್ದಿ ಓದುವುದು.” ದೀಪದ ಕಾಡಿಗೆಯ ಮಸಿ. ನೋಡುತ್ತಿದ್ದಂತೆ ಉಳಿದ ಅಕ್ಷರಗಳೂ ಕರಗಿ ನೀರು ಬೂದಿಯ ಬಣ್ಣಕ್ಕೆ ತಿರುಗಿತು.

ಹಾಳೆ ಒಣಗಿಸಿದೆ. ಉಳಿದ ಮೂರು ಖಾಲಿ ಹಾಳೆಗಳ ಜೊತೆ ಲಕೋಟೆಯಲ್ಲಿಟ್ಟು ಮೇಲೆ ಬರೆದೆ: ರಟ್ಟಿನೊಳಗಿನ ಖಾಲಿ ಹಾಳೆಗಳು, ನಾಲ್ಕು. ನೀರನ್ನು ಹಿತ್ತಲಿನ ದಾಸವಾಳದ ಬುಡಕ್ಕೆ ಚೆಲ್ಲಿದೆ.

ಮರುದಿನ ನಿಮ್ಮ ಫೋನು. “ಹೆಸರ ಸಿಕ್ತೇನ್ರಿ?”

“ಇಲ್ರಿ ಅಕ್ಕೋರ. ಖಾಲಿ ಹಾಳಿ ಅದಾವ.”

“ಆತ ಬಿಡ್ರಿ. ಕಣ್ಣ ನೋಯಿಸ್ಕೊಂಡ ನೋಡಿದ್ರೆಲ್ಲ, ಅಷ್ಟ ಸಾಕು.”

ಫೋನಿಟ್ಟು ಡಬ್ಬಿ ಬಿಚ್ಚಿದೆ. ರೊಟ್ಟಿ, ಬದನೆಕಾಯಿ ಪಲ್ಯ. ಪೂರ್ತಿ ತಿಂದೆ.

ಹೋದ ತಿಂಗಳು ಮೂಡಲಗಿಯಲ್ಲಿ ಹಳೆಯ ಪುಸ್ತಕಗಳ ಪ್ರದರ್ಶನವಿತ್ತು. ನಿಮ್ಮ ಪುಸ್ತಕ ಗಾಜಿನೊಳಗಿತ್ತು, ಬಾಜೂಕ್ಕೆ ಚೀಟಿ — ಬರೆದವರು: ತಿಳಿದಿಲ್ಲ. ನಿಮ್ಮೂರಿನ ಹಿರಿಯರೊಬ್ಬರು ನಿಂತು ಓದಿ ನಿಮ್ಮತ್ತ ತಿರುಗಿದರು. “ಏನ್ರಿ ಅಕ್ಕೋರ, ನಿಮ್ಮ ಮುತ್ಯಾ ಬರದಾನ ಅಂತಿದ್ರಿ?”

ನೀವು ಬದಿಯಲ್ಲಿದ್ದ ನನ್ನ ಕಡೆ ಕೈ ತೋರಿಸಿದಿರಿ. “ಈ ಬಾಯಾರು ಬಿಚ್ಚಿ ನೋಡ್ಯಾರ್ರಿ. ಏನೂ ಇದ್ದಿಲ್ಲಂತ. ಅವತ್ತಿಂದ ಮನ್ಯಾಗ ಹಂಗ ಹೇಳೂದ ಬಿಟ್ಟೀವಿ.”

ಹೇಳೂದ ಬಿಟ್ಟೀವಿ. ನಾನು ಅಳಿಸಿದ್ದು ಒಂದು ಹಾಳೆ ಎಂದುಕೊಂಡಿದ್ದೆ — ನಿಮ್ಮ ಅವ್ವನ ಬಾಯಿಂದ ನಿಮ್ಮವರೆಗೆ ಉಳಿದು ಬಂದದ್ದನ್ನೂ... ಅಷ್ಟರಲ್ಲಿ ನೀವು ಚೀಲದಿಂದ ಶೇಂಗಾ ಹೋಳಿಗೆ ತೆಗೆದು ಅರ್ಧ ನನಗೆ ಕೊಟ್ಟಿರಿ. ತೆಗೆದುಕೊಂಡೆ.

ಅವತ್ತೇ ಹೇಳಿದ್ದರೆ ನನ್ನ ಮಾತಿಗೆ ಸಾಕ್ಷಿಯ ಬೆಲೆ ಇರುತ್ತಿತ್ತು. ಈಗ ಆರು ವರ್ಷ ಸುಳ್ಳು ಹೇಳಿದವಳ ಮಾತು ಯಾರಾದರೂ ಯಾಕೆ ನಂಬಬೇಕು? ಹಾಳೆಯನ್ನು ಓರೆ ಬೆಳಕಿಗೆ ಹಿಡಿದು ಮತ್ತೆ ಮತ್ತೆ ನೋಡಿದೆ. ಲೇಖನಿಯ ಗೀರು ಎರಡು ಕಾಣುತ್ತವೆ, ಅಕ್ಷರವಾಗುವುದಿಲ್ಲ.

ಲಕೋಟೆಯ ಮೇಲಿನ ಬರಹ ಹೊಡೆದುಹಾಕಿದ್ದೇನೆ. ಆದದ್ದನ್ನೆಲ್ಲ ನೋಂದಣಿ ಪುಸ್ತಕದಲ್ಲಿ ಬರೆದು ಸಹಿ ಮಾಡಿದ್ದೇನೆ. ಸೋಮವಾರ ಬಾಗೇವಾಡಿಗೆ ಬರುತ್ತೇನೆ. ಆ ಹಿರಿಯರನ್ನೂ ಕರೆಸಿರಿ, ಬರೆದದ್ದನ್ನು ಅವರೆದುರಿಗೇ ಓದುತ್ತೇನೆ. ನೀವು ಒಳಗೆ ಕರೆಯದಿದ್ದರೆ ಕಟ್ಟೆಯ ಮೇಲೆ ಕೂತು ಓದುತ್ತೇನೆ.

ಆ ಎರಡು ಅಕ್ಷರ ಏನಿರಬಹುದೆಂದು ಈ ವಾರವೆಲ್ಲ ಮನಸ್ಸಿನಲ್ಲೇ ತುಂಬಿ ನೋಡಿದೆ — ಮಲ್ಲಪ್ಪ, ಸಿದ್ದಪ್ಪ, ಕಲ್ಲಪ್ಪ. ನೋಂದಣಿಯಲ್ಲಿ ಯಾವುದನ್ನೂ ಬರೆಯಲಿಲ್ಲ. ರಾಣಪ್ಪನ ಮಗ ಎಂದು ಬರೆದು, ನನ್ನ ಹೆಬ್ಬೆರಳಿನಷ್ಟು ಜಾಗ ಬಿಟ್ಟು, ಪ್ಪ ಎಂದು ಬರೆದಿದ್ದೇನೆ.