ಮುಂದಿನ ಗಾಲಿಯ ಕಿರ್ ಸದ್ದು

ಅಣ್ಣನ ಮೋಟಾರ್ ಸೈಕಲ್ಲಿನ ಮುಂದಿನ ಬ್ರೇಕ್ ಹಿಡಿದಾಗಲೆಲ್ಲ ಗಾಲಿಯ ನಡುವಿನಿಂದ ಕಿರ್ ಎಂದು ಸದ್ದು ಬರುತ್ತಿತ್ತು. ಓಣಿಯ ತುದಿಯಲ್ಲಿ ಆ ಸದ್ದು ಕೇಳಿದೊಡನೆ ಅವ್ವ ಒಲೆಯ ಮೇಲೆ ಹಂಚು ಇಡುತ್ತಿದ್ದಳು. ನನಗೆ ಮಾತ್ರ ಅದು ನಾಚಿಕೆ. ಹಳೆಯ ಗಾಡಿ ತಂದಿದ್ದಾನೆ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು.

ಎಂಬತ್ತರ ದಶಕದ ನಡುವಿನ ಮಾತು. ಅಣ್ಣ ಅಣ್ಣಿಗೇರಿಯ ಕಾಳಿನ ಅಂಗಡಿಯೊಂದರಲ್ಲಿ ತೂಕಕ್ಕೆ ನಿಲ್ಲುತ್ತಿದ್ದ. ಅವನ ಗೆಳೆಯನ ತಗಡಿನ ಗ್ಯಾರೇಜೂ ಅಲ್ಲೇ. ಇಬ್ಬರೂ ಸಣ್ಣಂದಿನಿಂದ ಒಂದೇ ಸಾಲಿಯಲ್ಲಿ ಕಲಿತವರು. ಈದ್‌ಗೆ ಅವನ ಮನೆಯ ಶಾವಿಗೆ ಪಾಯಸ, ಸುರಕುಂಬಾ, ನಮಗೆ ಬರುತ್ತಿತ್ತು, ಯುಗಾದಿಗೆ ನಮ್ಮ ಹೋಳಿಗೆ ಅವರಿಗೆ ಹೋಗುತ್ತಿತ್ತು. ಅವರ ಮಾತು ಶುರುವಾಗುತ್ತಿದ್ದದ್ದೇ ಬೈಗುಳದಿಂದ.

‘ಲೇ, ಈ ಡಬ್ಬಾ ಮಾರಿ ಎಮ್ಮಿ ತಗೋ. ಹಾಲರ ಕೊಡತೈತಿ.’

‘ಎಮ್ಮಿ ರಿಪೇರಿ ಬರತೈತೇನಲೇ ನಿನಗ?’

ಅವ್ವ ನಗುತ್ತಲೇ ಗದರುತ್ತಿದ್ದಳು: ‘ಊರ ಮಂದಿಗೆಲ್ಲಾ ಮರ್ಯಾದಿ ಕೊಟ್ಟು ರಿ ಹಚ್ಚತೀರಿ, ನಿಮ್ಮ ನಿಮ್ಮಾಗ ಬರೇ ಲೇ!’

ಆ ಬೇಸಿಗೆಯಲ್ಲಿ ಗೆಳೆಯ ಮುಂದಿನ ಗಾಲಿ ಬಿಚ್ಚಿ ಹೊಸ ಬ್ರೇಕ್ ಶೂ ಹಾಕಿಕೊಟ್ಟ. ಸದ್ದು ಹೋಗಲಿಲ್ಲ. ‘ನಾಕ ದಿನ ಓಡಸು, ತಾನ ಹೊಂದತೈತಿ’ ಎಂದ. ಆದರೆ ಮರುದಿನವೇ ಅಣ್ಣ ಜ್ವರ ಬಂದು ಮಲಗಿದ. ಗಾಡಿ ಅಂಗಳದ ಬಿಸಿಲಿನಲ್ಲಿ ನಿಂತಿತು.

ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಬಾಗಿಲ ಚಿಲಕಕ್ಕೆ, ಬಾವಿಯ ಗಾಲಿಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಬಿಡುವುದು ಮನೆಯಲ್ಲಿ ನನ್ನ ಕೆಲಸ. ಅಂದು ಔಡಲೆಣ್ಣೆ ತೀರಿತ್ತು. ಅಡುಗೆಮನೆಯಿಂದ ಒಂದು ಬಟ್ಟಲು ಕುಸುಬಿ ಎಣ್ಣೆ ತಂದೆ. ಬ್ರೇಕಿನ ತಂತಿ ಒಳಗೆ ಹೋಗುವಲ್ಲಿ, ಗಾಲಿಯ ಬಳಿ ಬ್ರೇಕಿನ ಕೀಲು ತಿರುಗುವಲ್ಲಿ, ಬತ್ತಿ ಅದ್ದಿ ಹನಿಹನಿಯಾಗಿ ಬಿಟ್ಟೆ. ಬ್ರೇಕ್ ಹಿಡಿದು ನೋಡಿದರೆ ಸದ್ದಿಲ್ಲ! ಉಳಿದದ್ದನ್ನು ಬೀಜದ ಕೋಣೆಯ ಚಿಲಕಕ್ಕೆ ಬಿಟ್ಟೆ. ಅಣ್ಣ ಎದ್ದ ಮೇಲೆ ತಾನೇ ಕಂಡು ಬೆರಗಾಗಲಿ ಎಂದು ಯಾರಿಗೂ ಹೇಳಲಿಲ್ಲ.

ಹದಿನೈದು ದಿನಕ್ಕೆ ಜ್ವರ ಇಳಿದ ಮೇಲೆ ಅಣ್ಣ ನನ್ನನ್ನು ಹಿಂದೆ ಕೂರಿಸಿಕೊಂಡು ನವಲಗುಂದದ ಚಿಗವ್ವನ ಮನೆಗೆ ಹೊರಟ. ಊರ ಹೊರಗೆ ಆಡಿನ ಹಿಂಡು ಅಡ್ಡ ಬಂತು, ಬ್ರೇಕ್ ಹಿಡಿದ. ಆಡುಗಳು ದಾಟಿದವು. ಗಾಡಿ ಮಾತ್ರ ಮೊದಲಿನಂತೆ ಓಡಲಿಲ್ಲ.

‘ಯಾಕ ಎಳೀವಲ್ದಿದು?’ ಎನ್ನುತ್ತ ಅಣ್ಣ ಇನ್ನಷ್ಟು ಎಕ್ಸಿಲರೇಟರ್ ತಿರುವಿದ.

ಸ್ವಲ್ಪ ದೂರ ಹೋಗುವುದರೊಳಗೆ ಮೂಗಿಗೆ ಕಮಟು ಬಡಿಯಿತು. ‘ಅಣ್ಣಾ, ಏನೋ ಸುಡಾಕತ್ತೈತಿ.’

‘ಹೊಲದಾಗ ಕಸಾ ಸುಡತಿರಬೇಕು. ಗಟ್ಟಿ ಹಿಡಕೊಂಡು ಕುಂಡ್ರು.’

ಹಳ್ಳದ ಇಳಿಜಾರು ಬಂತು. ಗಾಡಿ ವೇಗ ಹಿಡಿಯಿತು. ಅಣ್ಣ ಬ್ರೇಕ್ ಮುಟ್ಟಿದನೋ ಇಲ್ಲವೋ, ಮುಂದಿನ ಗಾಲಿ ಯಾರೋ ಕೈಯಿಂದ ಹಿಡಿದಂತೆ ನಿಂತುಬಿಟ್ಟಿತು. ಹಿಂಭಾಗ ಎದ್ದಿತು. ನಾನು ಎರೆಹೊಲದ ಹೆಂಟೆಗಳ ಮೇಲೆ ಬಿದ್ದಿದ್ದೆ. ಅಣ್ಣ ಗಾಡಿಯ ಕೆಳಗಿದ್ದ, ಅವನ ಬಲಗೈ ಮಣಿಕಟ್ಟಿನ ಹತ್ತಿರ ಸೊಟ್ಟಗಾಗಿತ್ತು. ಹಿಂದಿನ ಗಾಲಿ ಇನ್ನೂ ತಿರುಗುತ್ತಿತ್ತು. ಮುಂದಿನದನ್ನು ಎರಡೂ ಕೈಯಿಂದ ನೂಕಿದೆ, ಅಲ್ಲಾಡಲಿಲ್ಲ.

ಗೆಳೆಯ ಸುದ್ದಿ ತಿಳಿದು ಓಡಿ ಬಂದಾಗ ಅಣ್ಣ ಕೈಗೆ ಪಟ್ಟಿ ಕಟ್ಟಿಸಿಕೊಂಡು ಹೊರಸಿನ ಮೇಲೆ ಕೂತಿದ್ದ. ಓಣಿಯ ಮಂದಿ ಅಷ್ಟರಲ್ಲಿ ತೀರ್ಮಾನ ಮಾಡಿಯಾಗಿತ್ತು: ಬ್ರೇಕ್ ರಿಪೇರಿ ಮಾಡಿದವನದೇ ತಪ್ಪು. ಗೆಳೆಯ ಅಂಗಳದಲ್ಲೇ, ಚಕ್ಕಡಿಯಿಂದ ಇಳಿಸಿದ್ದ ಗಾಡಿಯ ಮುಂದಿನ ಗಾಲಿ ಬಿಚ್ಚಿದ. ಶೂ ಸರಿಯಿದ್ದವು. ಅವನ್ನು ಅಗಲಿಸುವ ಕೀಲು ಮಾತ್ರ ತಿರುಗಿದಲ್ಲೇ ಹಿಡಿದುಕೊಂಡಿತ್ತು. ಬಡಿದು ಹೊರಗೆ ತೆಗೆದ. ಅದರ ಮೈಗೆ ಬೆಲ್ಲದ ಪಾಕದಂಥ ಹಳದಿ ಪೊರೆ. ಉಗುರಿನಿಂದ ಕೆರೆದು ಮೂಸಿದ.

‘ಇದು ಗ್ರೀಸ್ ಅಲ್ಲ. ಕುಸುಬಿ ಎಣ್ಣಿ.’

ನಾನು ಬಾಗಿಲ ಹಿಂದೆ ಇದ್ದೆ.

‘ಈ ಗಾಡಿಗೆ ಕೈ ಹಾಕಾಂವ ನೀ ಒಬ್ಬಾಂವ’ ಎಂದ ಅಣ್ಣ.

‘ನಾ ಹಾಕಿದ್ದು ಗ್ರೀಸ್, ಲೇ. ಮನ್ಯಾಗ ಕೇಳು.’

‘ಮನ್ಯಾಗ ಕೇಳೂದೇನು? ಗ್ರೀಸ್ ತೀರಿದ್ರ ತೀರೇತಿ ಅನ್ನಬೇಕಿತ್ತು. ಅಡಗಿ ಎಣ್ಣಿ ಸುರದು ನನ್ನ ಮುಗಸಾಕ ನಿಂತಿದ್ಯಾ?’

ಓಣಿಯವರು ಗೋಡೆಯಾಚೆಯಿಂದ ನೋಡುತ್ತಿದ್ದರು. ‘ನಾನ ಹಾಕಿದ್ದು’ ಅಂದರೆ ಮುಗಿಯುತ್ತಿತ್ತು. ಬಾಯಿ ತೆರೆದೆ ಕೂಡ. ಅಣ್ಣನ ಕೈಯ ಪಟ್ಟಿ ಕಂಡಿತು. ಮುಚ್ಚಿಕೊಂಡೆ.

ಗೆಳೆಯ ಮತ್ತೆ ಗಾಲಿಯ ಮುಂದೆ ಕುಕ್ಕರಿಸಿದ. ಸೀಮೆಎಣ್ಣೆಯಲ್ಲಿ ಕೀಲು ತೊಳೆದು, ಗ್ರೀಸ್ ಹಚ್ಚಿ, ಗಾಲಿ ಕೂರಿಸಿದ. ಕೈ ತೊಳೆಯಲು ನೀರು ಕೇಳಿದ. ನಾನೇ ತಂಬಿಗೆ ಒಯ್ದು ಸುರಿದೆ. ಕೈ ಉಜ್ಜುತ್ತ ಮೆಲ್ಲಗೆ ಹೇಳಿದ: ‘ತಂಗಿ, ಕುಸುಬಿ ಎಣ್ಣಿ ಬಿಸಲಿಗೆ ಒಣಗಿದ್ರ ಅಂಟಾಗತೈತಿ. ಯಾವ ಕೀಲಿಗೂ ಹಾಕಬಾರದು.’

ಆಮೇಲೆ ನನ್ನ ಮುಖ ನೋಡುತ್ತ ನಿಂತ. ತಂಬಿಗೆಯ ನೀರು ಮುಗಿಯಿತು. ಇನ್ನಷ್ಟು ತರುತ್ತೇನೆಂದು ಒಳಗೆ ಹೋದೆ. ಹೊರಗೆ ಬರಲಿಲ್ಲ. ಅವ್ವ ಸೋಸಿದ ಚಹಾ ಕುಡಿಯದೆ ಅವನು ಹೊರಟುಹೋದ.

ಆಮೇಲೆ ಅಣ್ಣ ಗಾಡಿಯನ್ನು ರಿಪೇರಿಗೆ ಹುಬ್ಬಳ್ಳಿಗೆ ಒಯ್ಯತೊಡಗಿದ. ಗ್ಯಾರೇಜಿನ ಮುಂದೆ ಹಾಯ್ದರೂ ಮುಖ ಆ ಕಡೆ ತಿರುಗಿಸುತ್ತಿರಲಿಲ್ಲ. ದಿನಾ ಹೇಳಬೇಕು ಅಂದುಕೊಳ್ಳುತ್ತಿದ್ದೆ. ದಿನಾ ರೊಟ್ಟಿ ಬಡಿಸಿ ಸುಮ್ಮನಾಗುತ್ತಿದ್ದೆ.

ಹಿಂಗಾರಿ ಬಿತ್ತನೆಗೆ ಬೀಜದ ಕೋಣೆ ತೆರೆಯಬೇಕಾಯಿತು. ಚಿಲಕ ಸರಿಯಲಿಲ್ಲ. ಅಣ್ಣ ಎಡಗೈಯಿಂದ ಎಳೆದ, ಕಲ್ಲಿನಿಂದ ಬಡಿದ. ಅದು ಸರಿದಾಗ ಹಳದಿ ಪೊರೆ ಕಂಡಿತು. ಉಗುರಿನಿಂದ ಕೆರೆದು ಮೂಸಿದ, ಥೇಟ್ ಗೆಳೆಯ ಮಾಡಿದ ಹಾಗೆಯೇ.

‘ಇದಕ್ಕ ಎಣ್ಣಿ ಹಾಕಿದ್ದು ಯಾರು?’

‘ನಾನ.’

‘ಗಾಡಿಗೆ?’

ನಾನು ನೆಲ ನೋಡಿದೆ. ಅಣ್ಣ ಹೊಡೆಯಲಿಲ್ಲ, ಬೈಯಲಿಲ್ಲ. ಅಂಗಿ ಹಾಕಿಕೊಂಡು ಬಂದು, ‘ಹತ್ತು ಗಾಡಿ’ ಎಂದ.

ಗೆಳೆಯ ಗ್ಯಾರೇಜಿನಲ್ಲಿ ಯಾರದೋ ಗಾಡಿಯ ಚೈನು ಬಿಗಿಯುತ್ತಿದ್ದ. ನಾನು ಅವನ ಮುಂದೆ ನಿಂತು, ‘ಎಣ್ಣಿ ಹಾಕಿದ್ದು ನಾನರಿ. ಅವತ್ತ ಹೇಳಲಿಲ್ಲ’ ಎಂದೆ.

‘ಗೊತ್ತಿತ್ತವ್ವಾ’ ಎಂದ, ತಲೆಯೆತ್ತದೆ.

‘ಗೊತ್ತಿದ್ರ ನನಗ್ಯಾಕ ಹೇಳಲಿಲ್ಲಲೇ?’ ಅಣ್ಣ ಗಾಡಿ ನಿಲ್ಲಿಸಿ ಒಳಗೆ ಬಂದ.

ಗೆಳೆಯ ಎದ್ದ. ಅರಿವೆಗೆ ಕೈ ಒರೆಸಿಕೊಂಡ. ಗಿರಾಕಿಗಳಿಗೆ ಹಾಕುವ ಸ್ಟೂಲನ್ನು ಅಣ್ಣನ ಮುಂದೆ ಎಳೆದಿಟ್ಟ.

‘ಕುಂಡರ್ರಿ’ ಎಂದ. ‘ಗಾಡಿಗೆ ಏನಾಗೇತ್ರಿ?’

ಅಣ್ಣ ಕೂರಲಿಲ್ಲ. ಗಾಡಿಗೆ ಏನೂ ಆಗಿರಲಿಲ್ಲ.