ಫೋಟೊದ ಕತ್ತಲಲ್ಲಿ ಕೂತಿದ್ದ ಚಿರತೆ

“ಮಿಸ್, ಅದು ನಾಯಲ್ಲ, ಚಿರ್ತೆ ಕಣ್ ಮಿಸ್!” ಎಂಟನೇ ತರಗತಿಯ ಸುಮಾ ಕಿರುಚಿದಳು. ಇಡೀ ತರಗತಿ ಕಂಪ್ಯೂಟರಿನ ಮುಂದೆ ಮುಗಿಬಿತ್ತು.

ಎಚ್.ಡಿ. ಕೋಟೆ ಬಳಿಯ ನಮ್ಮ ಶಾಲೆಯಲ್ಲಿ ಫೋಟೊ ಎಡಿಟಿಂಗ್ ಹೇಳಿಕೊಡುತ್ತಿದ್ದೆ. ಆ ಬೆಳಿಗ್ಗೆ ಸುಮಾ ಗೆಳತಿಯರನ್ನು ಮೈದಾನದಲ್ಲಿ ನಿಲ್ಲಿಸಿ ತೆಗೆದ ಫೋಟೊ ಅದು. ಕಪ್ಪಾಗಿದ್ದ ಭಾಗದ ಬೆಳಕು ಹೆಚ್ಚಿಸಿದಂತೆ, ನಗುತ್ತಿದ್ದ ಹುಡುಗಿಯರ ಹಿಂದಿನ ಪೊದೆಯಲ್ಲಿ ಚುಕ್ಕೆ ಮೈ, ಎರಡು ಕಣ್ಣು ಮೂಡಿದವು! ಹೊರಗೆ ಆಡುತ್ತಿದ್ದ ಚಿಕ್ಕ ಮಕ್ಕಳನ್ನು ಓಡಿಹೋಗಿ ಒಳಗೆ ಕರೆತಂದು, ಅರಣ್ಯ ಇಲಾಖೆಗೆ ಫೋನ್ ಮಾಡಿದೆವು. ಪೊದೆಯ ಹತ್ತಿರ ಹೆಜ್ಜೆಗುರುತು ಸಿಕ್ಕಿತು. ಅವರಿಟ್ಟ ಬೋನಿಗೆ ಚಿರತೆ ಬಿದ್ದ ದಿನ, ಶಾಲೆಯಲ್ಲಿ ಸುಮಾಳದ್ದೇ ಮಾತು.

ಈಗ ನನ್ನ ತರಗತಿಯ ಮಕ್ಕಳು ಯಾವ ಫೋಟೊ ತೆರೆದರೂ ಮೊದಲು ತಮ್ಮ ಮುಖ ನೋಡಿಕೊಳ್ಳುವುದಿಲ್ಲ. ಕತ್ತಲಿರುವ ಮೂಲೆಗೆ ಬೆಳಕು ಹಾಕುತ್ತಾರೆ. ನಾನೂ ಅಷ್ಟೇ.