ಪವರ್ ಬರೆದುಕೊಟ್ಟ ಮೇಲೆ

ನನ್ನ ಸಹಿ ಚೆನ್ನಾಗಿದೆ. ಇದನ್ನು ಜಂಬವೆಂದು ನೀವು ತಿಳಿದರೂ ನನ್ನ ಅಭ್ಯಂತರವಿಲ್ಲ. ಈ ವಯಸ್ಸಿನಲ್ಲಿ ಜಂಬಪಡಲು ಹಲ್ಲಿಲ್ಲ, ಜಡೆಯಿಲ್ಲ, ಸಹಿಯೊಂದು ಉಳಿದಿದೆ. ಕಾನ್ವೆಂಟಿನಲ್ಲಿ ನಮಗೆ ಹ್ಯಾಂಡ್‌ರೈಟಿಂಗ್ ಕಲಿಸುತ್ತಿದ್ದ ಸಿಸ್ಟರ್, ಹುಡುಗಿಯ ಅಕ್ಷರ ನೋಡಿದರೆ ಸಾಕು, ಅವಳು ತಲೆ ಬಾಚಿದ್ದಾಳೋ ಇಲ್ಲವೋ ಹೇಳಬಲ್ಲೆ ಎನ್ನುತ್ತಿದ್ದರು. ಆ ಹೆದರಿಕೆಗೆ ನಾನು ಭಾಗೀರಥಿ ಎಂಬ ನನ್ನ ಹೆಸರಿನ ಮೊದಲಕ್ಷರಕ್ಕೆ ಒಳ್ಳೆಯ ಹೊಟ್ಟೆ, ಕೊನೆಯಕ್ಷರಕ್ಕೆ ನವಿಲಿನ ಬಾಲ ಇಟ್ಟು ಇಂಗ್ಲಿಷಿನಲ್ಲಿ ಸಹಿ ಮಾಡಲು ಕಲಿತೆ. ಕಲಿತದ್ದಕ್ಕೆ ತಕ್ಕ ಚಾನ್ಸ್ ಮಾತ್ರ ಸಿಗಲಿಲ್ಲ. ಮದುವೆಯಾದ ಮೇಲೆ ಮನೆಗೆ ಬಂದ ಕಾಗದಕ್ಕೆಲ್ಲ ನಮ್ಮವರೇ ಸೈನ್ ಮಾಡಿದರು. ಅವರು ಸರ್ಕಾರಿ ಡಾಕ್ಟರು. ಅವರ ಸಹಿ ಕಂಪೌಂಡರಿಗೆ ಒಬ್ಬನಿಗೇ ಅರ್ಥವಾಗುತ್ತಿತ್ತು.

ಇಂಥ ನನ್ನ ಸಹಿಗೆ ಹೋದ ವರ್ಷ ಒಮ್ಮೆಲೇ ಮೂವರು ಗಿರಾಕಿಗಳು ಹುಟ್ಟಿಕೊಂಡರು. ಮೂವರೂ ನನ್ನ ಮಕ್ಕಳೇ. ದೊಡ್ಡವನು ಅಚ್ಯುತ, ಪಾಲಿಬೆಟ್ಟದ ಕಡೆ ಒಬ್ಬ ಇಂಗ್ಲಿಷ್ ದೊರೆಯ ಎಸ್ಟೇಟಿನಲ್ಲಿ ರೈಟರ್. ಕತೆ ಬರೆಯುವವನೆಂದುಕೊಳ್ಳಬೇಡಿ, ಆಳುಗಳ ಹಾಜರಿ ಬರೆಯುತ್ತಾನೆ. ನಡುವಿನವಳು ಸುಮಿತ್ರೆ, ಗಂಡ ತಿತಿಮತಿಯಲ್ಲಿ ಫಾರೆಸ್ಟ್ ರೇಂಜರ್. ಕೊನೆಯವನು ಶೀನ, ಕುಶಾಲನಗರದಲ್ಲಿ ಮೇಷ್ಟ್ರು. ನಾನು ಮಡಿಕೇರಿಯ ಬಸ್ ಸ್ಟ್ಯಾಂಡಿನ ಮೇಲಿನ ಏರಿನಲ್ಲಿ, ಒಬ್ಬ ದರ್ಜಿಯ ಅಂಗಡಿಯ ಮಾಳಿಗೆಯನ್ನು ಬಾಡಿಗೆಗೆ ಹಿಡಿದು ಇದ್ದೇನೆ. ಮಕ್ಕಳು ಕರೆಯಲಿಲ್ಲವೆಂದಲ್ಲ. ಕರೆದರು, ಹೋಗಿ ಇದ್ದೂ ನೋಡಿದೆ. ಮೂರು ಮನೆಯಲ್ಲೂ ನನಗೆ ಒಳ್ಳೆಯ ಕುರ್ಚಿ ಕೊಟ್ಟರು. ಆದರೆ ಆ ಕುರ್ಚಿಯಿಂದ ಏಳಲು ಯಾರೂ ಬಿಡಲಿಲ್ಲ. ಇಲ್ಲಿ ಕಿಟಕಿ ತೆಗೆದರೆ ಬಸ್ಸುಗಳು ಕಾಣುತ್ತವೆ. ಮಂಜು ಮುಚ್ಚಿದ ದಿನ ಕಾಣುವುದಿಲ್ಲ, ಹಾರ್ನ್ ಕೇಳಿಸುತ್ತದೆ.

ಗಿರಾಕಿಗಳು ಬಂದದ್ದು ತೋಟದ ಸಲುವಾಗಿ. ನಮ್ಮವರು ಪಾಲಿಬೆಟ್ಟದ ಹತ್ತಿರ ಒಂದು ತುಂಡು ಕಾಫಿ ತೋಟ ಕೊಂಡು ನನ್ನ ಹೆಸರಿಗೆ ಮಾಡಿಸಿದ್ದರು. ಕಾಫಿಯ ನಡುವೆ ಕಿತ್ತಳೆ, ನೆರಳಿನ ಮರಗಳಿಗೆ ಮೆಣಸಿನ ಬಳ್ಳಿ. ನನ್ನ ಮೊಣಕಾಲು ಈಗ ಅಲ್ಲಿಗೆ ಹೋಗಲು ಒಪ್ಪುವುದಿಲ್ಲ. ಹಾಗಾಗಿ ನನ್ನ ಪರವಾಗಿ ವ್ಯವಹಾರ ನಡೆಸಲು ಯಾರಿಗಾದರೂ ಅಧಿಕಾರ ಬರೆದುಕೊಡಬೇಕು. ನಮ್ಮ ಮಾವನವರ ಕಾಲದಲ್ಲಿ ಇದಕ್ಕೆ ಮುಖ್ತ್ಯಾರನಾಮೆ ಎನ್ನುತ್ತಿದ್ದರು. ಆ ಹೆಸರು ಕೇಳಿದರೇ ರುಮಾಲು ಸುತ್ತಿದವರು ಯಾರೋ ಒಳಗೆ ಬಂದು ಕೆಮ್ಮಿದ ಹಾಗಾಗುತ್ತಿತ್ತು. ಈಗಿನ ವಕೀಲರಿಗೆ ಅದು ಪವರ್ ಆಫ್ ಅಟಾರ್ನಿ. ನನ್ನ ಮಕ್ಕಳಿಗೆ ಬರೀ ಪವರ್. ಯೋಚಿಸಿದರೆ ಹೆಣ್ಣಿಗೆ ಇದೇನು ಹೊಸದೇ? ಚಿಕ್ಕವಳಿದ್ದಾಗ ಅಪ್ಪ, ಆಮೇಲೆ ಗಂಡ, ಮುಪ್ಪಿನಲ್ಲಿ ಮಗ ಎಂದು ಶಾಸ್ತ್ರ ಬಲ್ಲವರು ನಾವು ಹುಟ್ಟುವ ಮೊದಲೇ ಪವರ್ ಬರೆಸಿಟ್ಟಿದ್ದಾರೆ. ಸ್ಟಾಂಪ್ ಪೇಪರ್ ಇರಲಿಲ್ಲ, ನಮ್ಮ ಸಹಿಯನ್ನು ಕೇಳಿರಲಿಲ್ಲ, ಅಷ್ಟೇ.

ಈಗ ಕೇಳಿದರು. ಅದೂ ಒಬ್ಬೊಬ್ಬರಾಗಿ. ಅಚ್ಯುತನಿಗೆ ಸಂತೆಯ ದಿನ ಎಸ್ಟೇಟಿಗೆ ರಜ, ಅವತ್ತು ಬರುವನು. ಶೀನ ಭಾನುವಾರ. ಸುಮಿಗೆ ವಾರ ತಿಥಿಯಿಲ್ಲ. ಅಳಿಯಂದಿರ ಜೀಪು ಯಾವತ್ತು ಮಡಿಕೇರಿಯ ಆಫೀಸಿಗೆ ಬಂದರೆ ಅವತ್ತು ಅವಳು ಜೇನಿನ ಬಾಟಲಿ ಹಿಡಿದು ಮೆಟ್ಟಿಲು ಹತ್ತುವಳು.

"ಅಣ್ಣನ ಕೈಗೆ ಕೊಟ್ಟೀಯ ಮತ್ತೆ," ಎನ್ನುವಳು. "ನಮ್ಮ ಕಾಫಿ ದೊರೆ ಕಾಫಿ ಜೊತೆ ಒಂದೇ ಕಣದಲ್ಲಿ ಒಣಗುತ್ತೆ. ಆಮೇಲೆ ಯಾವ್ದು ಯಾರ್ದು ಅಂತ ಕಾಫಿಯನ್ನೇ ಕೇಳಬೇಕು."

ಅಚ್ಯುತ ಬಂದರೆ, "ಅಮ್ಮ, ಭಾವ ಒಳ್ಳೆಯವರೇ. ಆದ್ರೆ ಫಾರೆಸ್ಟಿನವರ ಕಣ್ಣಿಗೆ ಕಾಫಿ ಗಿಡ ಕಾಣೋದಿಲ್ಲ, ಮೇಲಿರೋ ಮರ ಮಾತ್ರ ಕಾಣುತ್ತೆ. ಯೋಚನೆ ಮಾಡು."

ಶೀನ ಇಬ್ಬರ ಮೇಲೂ ದೂರು ಹೇಳುವುದಿಲ್ಲ. "ನಂಗೇನೂ ಬೇಡಮ್ಮ. ಆದ್ರೆ ಒಂದು ಡಿಸಿಪ್ಲಿನ್ ಇರ್ಬೇಕು ನೋಡು," ಎಂದು ತೋಟಕ್ಕೊಂದು ಟೈಂಟೇಬಲ್ ತಯಾರಿಸುವನು. ಕಿತ್ತಳೆಗೂ ಬೆಲ್ ಹೊಡೆಯುವ ಉದ್ದೇಶ ಅವನದು.

ನಾನು ಎಲ್ಲರಿಗೂ ಕಾಫಿ ಕೊಡುತ್ತಿದ್ದೆ. ಯಾರಿಗೂ ಸೈನ್ ಕೊಡಲಿಲ್ಲ. ಒಮ್ಮೆ ಕನ್ನಡಕ ಸಿಗದು, ಒಮ್ಮೆ ರಾಹುಕಾಲ, ಒಮ್ಮೆ ಪೆನ್ನಿಗೆ ಶಾಯಿಯಿಲ್ಲ. ನಿಮ್ಮ ಹತ್ತಿರ ಮುಚ್ಚಿಡುವುದೇಕೆ? ತೋಟ ಯಾರ ಕೈ ಸೇರೀತೆಂಬ ಹೆದರಿಕೆ ನನಗಿರಲಿಲ್ಲ. ಮಕ್ಕಳು ಕೆಟ್ಟವರಲ್ಲ, ಒಬ್ಬರ ಮೇಲೊಬ್ಬರಿಗೆ ಗುಮಾನಿ, ಅದು ಚಿಕ್ಕಂದಿನಲ್ಲಿ ಕೋಡುಬಳೆ ಹಂಚುವಾಗಲೂ ಇತ್ತು. ಸೈನ್ ಮಾಡಿದ ಮೇಲೆ ಈ ಮೆಟ್ಟಿಲನ್ನು ಯಾರು ಹತ್ತುತ್ತಾರೆ ಎಂಬುದೊಂದೇ ನನ್ನ ಹೆದರಿಕೆ. ನಮ್ಮವರು ಹೋದ ಮೇಲೆ ಮಾಳಿಗೆಯಲ್ಲಿ ಅಷ್ಟು ಮಾತು ಕೇಳಿದ್ದು ಆ ವರ್ಷವೇ. ಸೈನ್ ಆಗದ ಕಾಗದಕ್ಕೆ ಇರುವ ಪವರ್ ಸೈನ್ ಆದ ಕಾಗದಕ್ಕಿಲ್ಲ.

ಇದು ನನ್ನೊಬ್ಬಳ ಪಾಡಲ್ಲವೆಂದು ಪೇಪರ್ ಓದುವಾಗ ಅನಿಸುತ್ತಿತ್ತು. ನಮ್ಮ ಕೊಡಗು ರಾಜ್ಯವನ್ನು ಮೈಸೂರಿಗೆ ಸೇರಿಸುವ ಮಾತು ನಡೆದಿದೆಯಲ್ಲ, ದರ್ಜಿಯ ಅಂಗಡಿಯಲ್ಲಿ ದಿನವೂ ಅದೇ ಚರ್ಚೆ. ಸೇರಬೇಕೆನ್ನುವವರು, ಬೇಡವೆನ್ನುವವರು, ಬಟನ್ ಹೊಲಿದು ಮುಗಿಯಿತೇ ಎನ್ನುವವರು. ಅಂಗೈಯಗಲದ ಈ ರಾಜ್ಯವೂ ನನ್ನ ಹಾಗೆ ಕನ್ನಡಕ ಹುಡುಕುತ್ತಾ ಕೂತಿದೆ ಎಂದುಕೊಂಡು ನಾನೊಬ್ಬಳೇ ನಗುತ್ತಿದ್ದೆ. ಒಬ್ಬಳೇ ನಕ್ಕರೆ ಎಷ್ಟು ಹೊತ್ತು ನಗಬಹುದು ಹೇಳಿ.

ಕೊನೆಗೆ ಮೂವರೂ ಸೇರಿ ಒಂದು ತೀರ್ಮಾನಕ್ಕೆ ಬಂದರು. ಪವರ್ ಒಬ್ಬರಿಗಲ್ಲ, ಮೂವರಿಗೂ. ಯಾವ ಕಾಗದವಾದರೂ ಮೂವರೂ ಒಟ್ಟಿಗೆ ಕೂತು ಸಹಿ ಹಾಕಿದರೆ ಮಾತ್ರ ಸಿಂಧು. ವಕೀಲರು ಪೆನ್ನು ಕೆಳಗಿಟ್ಟರು.

"ಅಮ್ಮ, ಹೀಗೆ ಬರೆದರೆ ತೋಟದಲ್ಲಿ ಒಂದು ಕೊಂಬೆ ಕಡಿಯೋಕೂ ಮೂರು ಊರಿಂದ ಮೂರು ಬಸ್ ಬರ್ಬೇಕಾಗುತ್ತೆ. ಯಾರೂ ಹೀಗೆ ಬರೆಸೋದಿಲ್ಲ."

ಮೂರು ಬಸ್ಸು! ನಾನು ತಕ್ಷಣ ಕನ್ನಡಕ ಹಾಕಿಕೊಂಡೆ. ಹೊಟ್ಟೆ, ಬಾಲ ಸಮೇತ ಸಹಿ ಮಾಡಿದೆ. ಮೂರು ಊರಿನ ಬಸ್ಸೂ ಬಂದು ಸೇರುವುದು ಮಡಿಕೇರಿಯಲ್ಲೇ, ಇನ್ನು ಪ್ರತಿ ಕಾಗದಕ್ಕೂ ಮೂವರೂ ಒಟ್ಟಿಗೆ ಇಲ್ಲಿಗೆ ಬರಬೇಕು. ಬಂದವರು ಇನ್ನೆಲ್ಲಿ ಕೂರುತ್ತಾರೆ?

ಕಿತ್ತಳೆಯ ಕಾಲ ಬಂತು. ಮರದ ಮೇಲಿನ ಹಣ್ಣನ್ನು ಗುತ್ತಿಗೆ ಹಿಡಿಯುವ ಕಾಕ, ನಮ್ಮವರ ಕಾಲದಿಂದಲೂ ನಮ್ಮ ತೋಟದ ಹಣ್ಣು ಕೊಳ್ಳುವ ಮಲಯಾಳ ಮಾತಿನ ಮಾಪಿಳ್ಳೆ ವ್ಯಾಪಾರಿ, ಕರಾರಿಗೆ ದಿನ ಗೊತ್ತುಮಾಡಿದ್ದಾನೆಂದು ತಿಳಿಯಿತು. ಬೆಳಗ್ಗೆಯೇ ಎದ್ದು ಕಡುಬು ಬೇಯಿಸಿದೆ. ಚಟ್ನಿ ರುಬ್ಬಿದೆ. ನಾಲ್ಕು ಎಲೆ ಹಾಕಿ ಕಿಟಕಿಯಲ್ಲಿ ನಿಂತೆ. ಮೂವರೂ ಇಳಿದದ್ದು ಕಂಡಿತು. ಕಾಕನೂ ಬಂದ. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆಯೇ ಕೂತರು. ಶೀನನ ಚೀಲದ ಮೇಲೆ ಕಾಗದವಿಟ್ಟು ಒಬ್ಬರಾದ ಮೇಲೊಬ್ಬರು ಬಗ್ಗಿದರು. ಆಮೇಲೆ ಏನೋ ಜೋರು ಮಾತು. ಅಷ್ಟರಲ್ಲಿ ಮಂಜು ಬಂತು. ಅದು ಸರಿಯುವ ಹೊತ್ತಿಗೆ ಬೆಂಚು ಖಾಲಿ.

ಕಡುಬು ಆರಿದರೆ ಗಟ್ಟಿಯಾಗುತ್ತದೆ. ಅದರದ್ದೇನೂ ತಪ್ಪಿಲ್ಲ.

ಸಂಜೆ ಕಾಕ ಒಬ್ಬನೇ ಮೆಟ್ಟಿಲು ಹತ್ತಿ ಬಂದ, ಚೀಲದಲ್ಲಿ ಒಂದಿಷ್ಟು ಕಿತ್ತಳೆ. "ಅಮ್ಮ ಮಲಗಿರ್ತಾರೆ, ಎಬ್ಬಿಸೋದು ಬೇಡ ಅಂದ್ರು ಮಕ್ಕಳು," ಎಂದ.

"ಕೆಲಸ ಆಯ್ತೇನೋ ಕಾಕ?"

"ಪಡಚ್ಚೋನೇ, ನನ್ನ ದೇವರೇ! ಎಲ್ಲಿ ಆಯ್ತು? ಸಹಿ ಆಯ್ತು, ಸಾಕ್ಷಿ ಇಲ್ಲ. ದೊಡ್ಡಣ್ಣ ಒಬ್ಬರನ್ನ ಕರೆದ್ರು, ಅಕ್ಕಂಗೆ ಬೇಡ. ಅಕ್ಕ ಕರೆದವರು ಮೇಷ್ಟ್ರಿಗೆ ಬೇಡ. ಮೇಷ್ಟ್ರು ಕರೆದವರು ಇಬ್ಬರಿಗೂ ಬೇಡ. ಸಾಕ್ಷಿ ಇಲ್ದೆ ನಾನು ಕಾಗದ ತಗೊಳ್ಳೋದಿಲ್ಲ. ಮುಂದಿನ ಭಾನುವಾರ ಮತ್ತೆ ಬರ್ತಾರೆ. ಅಮ್ಮ, ಮೂರು ಆನೆಗೆ ಒಂದೇ ಹಗ್ಗ ಕಟ್ಟಬಹುದು, ನಿಮ್ಮ ಮಕ್ಕಳ್ದು ನನ್ನಿಂದಾಗೋದಿಲ್ಲ!"

ಆ ಭಾನುವಾರ ನಾನು ಕಡುಬನ್ನು ಕ್ಯಾರಿಯರಿಗೆ ತುಂಬಿ, ಫ್ಲಾಸ್ಕಿಗೆ ಕಾಫಿ ಬಗ್ಗಿಸಿ, ಮೊಣಕಾಲಿಗೆ ಒಂದು ಮಾತೂ ಹೇಳದೆ ಮೆಟ್ಟಿಲಿಳಿದೆ. ಅವರು ಬರುವಾಗ ಬೆಂಚಿನ ಮೇಲೆ ನಾನಿದ್ದೆ.

"ಅಮ್ಮ! ಈ ಚಳೀಲಿ ನೀನ್ಯಾಕೆ ಇಳಿದು ಬಂದೆ?" ಸುಮಿ ಓಡಿ ಬಂದಳು.

"ಸಾಕ್ಷಿ ಹಾಕೋಕೆ ಕಣೇ. ನಾನಾದ್ರೂ ಮೂವರಿಗೂ ಆಗ್ತೀನೋ ಇಲ್ವೋ?"

ಅಚ್ಯುತ ನೆಲ ನೋಡಿದ. ಕಾಕ ಮಾತ್ರ, "ಅಮ್ಮ ಹಾಕಿದ್ರೆ ನಂಗೆ ಸಾಕು," ಎಂದ.

ಶೀನ ನಗುತ್ತಾ ಪಕ್ಕದಲ್ಲಿ ಕೂತ. "ಸಾಕ್ಷಿಗೆ ಫೀಸ್ ಎಷ್ಟಮ್ಮ?"

"ಬಸ್ ಬರೋ ತನಕ ಕೂತಿರೋದು. ಮೊದಲು ಕೈ ತೊಳೀರಿ, ಕಡುಬು ತಿನ್ನಿ. ಚಟ್ನಿ ಕೈಯಲ್ಲಿ ಕಾಗದ ಮುಟ್ಟಬೇಡಿ."

ತಿಂದರು. ಚಟ್ನಿಗೆ ಉಪ್ಪು ಜಾಸ್ತಿಯೆಂದು ಮೂವರೂ ಒಟ್ಟಿಗೆ ಹೇಳಿದರು. ಎಷ್ಟೋ ವರ್ಷದ ಮೇಲೆ ಅವರು ಒಪ್ಪಿಕೊಂಡ ಮೊದಲ ವಿಷಯ. ಆಮೇಲೆ ಸಾಕ್ಷಿಯ ಎದುರಿಗೆ ಇನ್ನೊಮ್ಮೆ ಸಹಿ ಹಾಕಿದರು. ಕೆಳಗೆ, ಎಡದ ಮೂಲೆಯಲ್ಲಿ, ಸಾಕ್ಷಿಗೆ ಬಿಟ್ಟ ಸಣ್ಣ ಜಾಗದಲ್ಲಿ ನಾನು ನವಿಲಿನ ಬಾಲವನ್ನು ಹೇಗೋ ಮಡಿಸಿ ಕೂರಿಸಿದೆ. ತೋಟದ ಒಡತಿಯೇ ಸಾಕ್ಷಿ ಹಾಕಬಹುದೇ ಎಂದು ವಕೀಲರನ್ನು ನಾನು ಕೇಳಿಲ್ಲ. ಆಗದು ಎಂದುಬಿಟ್ಟಾರು.

ಬಸ್ಸುಗಳು ಬಂದವು. ಬೇಗನೇ ಬಂದವು ಎಂದು ನನಗನ್ನಿಸಿತು. ಮಂಜಿನೊಳಗೆ ಮೂರು ಹಾರ್ನುಗಳು ಮೂರು ಕಡೆಗೆ ಹೋದವು. ಇಳಿಯುವಾಗ ಭಾರವಿದ್ದ ಕ್ಯಾರಿಯರ್ ಏರು ಹತ್ತುವಾಗ ಹಗುರವಾಗಿತ್ತು; ಮನಸ್ಸು ಹಾಗಾಯಿತೆಂದರೆ ಸುಳ್ಳಾದೀತು. ಆದರೂ ಹತ್ತುತ್ತಾ ಒಂದು ಯೋಚನೆ ಬಂತು. ಪವರ್ ಇದ್ದವರಿಗೆ ನೂರು ಕೆಲಸ: ಕೊಡಬೇಕು, ಕೊಳ್ಳಬೇಕು, ಕಾಯಬೇಕು, ಗುಮಾನಿಪಡಬೇಕು. ಸಾಕ್ಷಿಗೆ ಇರುವುದು ಒಂದೇ, ಅಲ್ಲಿದ್ದು ನೋಡಬೇಕು. ಈ ವಯಸ್ಸಿಗೆ ಅಷ್ಟು ಅಧಿಕಾರ ನನಗೆ ಸಾಕು.

ಕಿತ್ತಳೆ ಮುಗಿಯಿತು. ಮೆಣಸಿನ ಗುತ್ತಿಗೆ ಬಾಕಿಯಿದೆ. ಪೆನ್ನಿಗೆ ಶಾಯಿ ತುಂಬಿಸಿ ಇಟ್ಟಿದ್ದೇನೆ.